ಐವತ್ತೆರಡು ಮಹಡಿಯ ಅಳಿಯ

ಮನುಷ್ಯನಿಗೆ ಹೆಸರಿಡುವುದು ಸುಲಭ. ಅವನು ತೊಟ್ಟಿಲಲ್ಲಿ ಅಂಗಾತ ಮಲಗಿರುತ್ತಾನೆ, ಬೇಡ ಎನ್ನಲು ಬಾಯಿ ಬಂದಿರುವುದಿಲ್ಲ. ಕಟ್ಟಡದ ವಿಷಯ ಹಾಗಲ್ಲ. ಕಟ್ಟಡವೇನೋ ಸುಮ್ಮನಿರುತ್ತದೆ, ಆದರೆ ಊರು ಸುಮ್ಮನಿರುವುದಿಲ್ಲ.

ಊರಿನ ನಟ್ಟನಡುವೆ ಎದ್ದು ನಿಂತ ಐವತ್ತೆರಡು ಮಹಡಿಯ ಗಾಜಿನ ಗೋಪುರಕ್ಕೆ ಕಾಗದಪತ್ರಗಳಲ್ಲಿದ್ದ ಹೆಸರು 'ಕೇಂದ್ರ ವಾಣಿಜ್ಯ ಸಮುಚ್ಚಯ, ಪ್ರಥಮ ಗೋಪುರ'. ಇದನ್ನು ತಡವರಿಸದೆ ಹೇಳಬಲ್ಲವರು ಇಬ್ಬರೇ ಇಬ್ಬರು. ಒಬ್ಬರು ಆ ಹೆಸರಿಟ್ಟವರು, ಇನ್ನೊಬ್ಬ ಬಾಗಿಲಲ್ಲಿ ಸಲ್ಯೂಟ್ ಹೊಡೆಯುವ ಕಾವಲುಗಾರ. ಅವನು ಕೂಡ ಮಧ್ಯಾಹ್ನ ಊಟವಾದ ಮೇಲೆ 'ಪ್ರಥಮ' ಎಂಬಲ್ಲಿಗೆ ನಿಲ್ಲಿಸಿ ಬಿಡುತ್ತಿದ್ದ.

ಗೋಪುರದ ಯಜಮಾನರು ನಾಲ್ಕು ದೇಶ ಸುತ್ತಿ ಬಂದ ಮಾರನೆಯ ದಿನವೇ ಸಭೆ ಕರೆದರು.

"ಅಲ್ಲೆಲ್ಲ ದೊಡ್ಡ ಬಿಲ್ಡಿಂಗಿಗೆ ಜನ ಪ್ರೀತಿಯಿಂದ ಅಡ್ಡಹೆಸರು ಇಟ್ಟಿರ್ತಾರ್ರೀ. ಒಂದಕ್ಕೆ ತರಕಾರಿ ಹೆಸರು, ಇನ್ನೊಂದಕ್ಕೆ ಅಡುಗೆಮನೆ ಸಾಮಾನಿನ ಹೆಸರು. ಹಾಗೆ ಕರೆದರೇನೇ ಬಿಲ್ಡಿಂಗು ಊರಿನದಾಯ್ತು ಅಂತ ಅರ್ಥ. ನಮ್ಮದನ್ನ ಜನ ಏನಂತಾರೆ?"

ಮ್ಯಾನೇಜರು ಗಂಟಲು ಸರಿಮಾಡಿಕೊಂಡರು. "ನಮ್ಮದನ್ನ... 'ಆ ಬಿಲ್ಡಿಂಗು' ಅಂತಾರೆ ಸಾರ್."

ಯಜಮಾನರ ಮುಖ ಬಾಡಿತು. ಎರಡು ವಾರ ಚರ್ಚೆ ನಡೆಯಿತು, ನಲವತ್ತು ಹೆಸರು ಬಂದವು, ಮೂವತ್ತೊಂಬತ್ತು ಬಿದ್ದವು. ಉಳಿದದ್ದು 'ಬೆಳ್ಳಿಗರಿ'. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಒಂದು ಸಣ್ಣ ತೊಡಕು ಕಾಣಿಸಿತು. ಅಡ್ಡಹೆಸರನ್ನು ಆಫೀಸಿನಲ್ಲಿ ತಯಾರಿಸಬಹುದು, ಆದರೆ ಅದನ್ನು ಊರಿನ ಬಾಯಿಗೆ ಹಾಕುವವರು ಯಾರು?

"ಜಾಹೀರಾತು ಕೊಡೋ ಹಾಗಿಲ್ಲ. ತಾನಾಗಿ ಹುಟ್ಟಿದ ಹಾಗೆ ಹುಟ್ಟಬೇಕು" ಎಂದರು ಯಜಮಾನರು.

ತಾನಾಗಿ ಹುಟ್ಟಿಸುವ ಕೆಲಸಕ್ಕೆ ಮ್ಯಾನೇಜರು ಆರಿಸಿದ್ದು ಪ್ರಚಾರ ವಿಭಾಗದ ತಾತ್ಕಾಲಿಕ ಗುಮಾಸ್ತನನ್ನು. ಮೂರನೇ ಮಹಡಿಯಲ್ಲಿ, ಲಿಫ್ಟುಗಳ ಬೆನ್ನಿಗೆ ಅಂಟಿಕೊಂಡ, ಸದಾ ಗುಂಯ್ ಎನ್ನುವ ಒಂದು ಕೋಣೆಯಲ್ಲಿ ಕೂತು ಅವನು ಫಲಕ ಬರೆಯುತ್ತಿದ್ದ. 'ಲಿಫ್ಟ್ ಕೆಟ್ಟಿದೆ, ಮೆಟ್ಟಿಲು ಬಳಸಿ.' 'ನೆಲ ಒದ್ದೆಯಿದೆ, ಎಚ್ಚರ.' ಆರು ವರ್ಷದಲ್ಲಿ ಅವನು ಬರೆದ ಸಾಹಿತ್ಯ ಇಷ್ಟೇ ಆದರೂ ಓದುಗರಿಗೇನೂ ಕೊರತೆಯಿರಲಿಲ್ಲ.

"ಮೂರು ತಿಂಗಳು ಟೈಮು. ಜನ ಬೆಳ್ಳಿಗರಿ ಅನ್ನಬೇಕು. ಅಂದ್ರೆ ನಿಮ್ಮ ಕೆಲಸ ಖಾಯಂ" ಎಂದರು ಮ್ಯಾನೇಜರು.

ಖಾಯಂ ಎಂಬ ಎರಡಕ್ಷರ ಕೇಳಿ ಅವನ ಎದೆ ಯಾಕೆ ಡವಗುಟ್ಟಿತೆಂದು ತಿಳಿಯಬೇಕಾದರೆ ಅವನ ಮನೆಗೆ ಹೋಗಬೇಕು. ಅವನ ಮನೆ ಎಂದೆನಲ್ಲ, ತಪ್ಪಾಯಿತು. ಅದು ಅವನ ಮಾವನ ಮನೆ. ಮದುವೆಯಾದ ಹೊಸದರಲ್ಲಿ, ಬಾಡಿಗೆ ಮನೆಯ ಸೋರುವ ಚಾವಣಿ ರಿಪೇರಿಯಾಗುವ ತನಕ ಎರಡು ವಾರ ಇದ್ದು ಹೋಗೋಣವೆಂದು ಗಂಡಹೆಂಡತಿ ಇಲ್ಲಿಗೆ ಬಂದಿದ್ದರು. ಆ ಎರಡು ವಾರಕ್ಕೆ ಈಗ ಆರು ವರ್ಷ. ಚಾವಣಿ ಎಂದೋ ರಿಪೇರಿಯಾಗಿ ಅದರ ಕೆಳಗೆ ಬೇರೆ ಯಾರೋ ಸಂಸಾರ ಹೂಡಿದ್ದರು.

ಮಾವ ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು. ಮೂವತ್ನಾಲ್ಕು ವರ್ಷ ಹದಿನೇಳನೇ ನಂಬರಿನ ಬಸ್ಸಿನಲ್ಲಿ ನಿಂತೇ ಊರು ಆಳಿದವರು. ಈಗಿನ ಕಂಡಕ್ಟರುಗಳಲ್ಲಿ ಅರ್ಧಕ್ಕರ್ಧ ಜನ ಅವರ ಕೈಕೆಳಗೆ ಸೀಟಿ ಊದುವುದನ್ನು ಕಲಿತವರೇ. ಹೀಗಾಗಿ ಬೀದಿಯಲ್ಲಿ, ಬಸ್ಸಿನಲ್ಲಿ, ಡಿಪೋದಲ್ಲಿ ಎಲ್ಲರೂ ಇವನನ್ನು ಕರೆಯುತ್ತಿದ್ದದ್ದು 'ಅಳಿಯಂದಿರು' ಎಂದು. ನಾವೂ ಹಾಗೇ ಕರೆದರೆ ಮರ್ಯಾದೆ.

ಮಾವ ಅಳಿಯಂದಿರಿಗೆ ಒಂದು ಬಿರುಸು ಮಾತನ್ನೂ ಆಡಿದವರಲ್ಲ. ಅದೇ ಕಷ್ಟ. ಬೆಳಿಗ್ಗೆ ಪತ್ರಿಕೆಯನ್ನು ಪೂರ್ತಿ ಓದಿ, ಮಡಚಿ, "ಅಳಿಯಂದಿರು ನೋಡಲಿ" ಎಂದು ಗೋಡೆಗೆ ಹೇಳುತ್ತಿದ್ದರು. ಯಾರಾದರೂ ಬಂದು "ಇವರು ಯಾರು?" ಎಂದು ಕೇಳಿದರೆ "ಮಗಳ ಜೊತೆ ಇದಾರೆ" ಎನ್ನುತ್ತಿದ್ದರು. ನನ್ನ ಅಳಿಯ ಎಂದು ಹೆಗಲ ಮೇಲೆ ಕೈ ಹಾಕಿದ ದಿನವಿಲ್ಲ.

"ಖಾಯಂ ಆದ್ರೆ ಎರಡು ರೂಮಿನದಾದ್ರೂ ಪರವಾಗಿಲ್ಲ ಕಣ್ರೀ, ನಮ್ಮದೇ ಒಂದು ಮನೆ ಮಾಡೋಣ. ನಾನೇ ಬೀಗ ಹಾಕಬೇಕು, ನಾನೇ ತೆಗೀಬೇಕು" ಎಂದಳು ಹೆಂಡತಿ.

ಮಾರನೆಯ ದಿನವೇ ಅಳಿಯಂದಿರು ಕಾರ್ಯಾಚರಣೆಗಿಳಿದರು. ಮೊದಲು ಕ್ಷೌರದ ಅಂಗಡಿ. ಊರಿನ ಮಾತು ಹುಟ್ಟುವುದು ಅಲ್ಲೇ ಎಂದು ಅವರ ಲೆಕ್ಕಾಚಾರ. ಕನ್ನಡಿಯಲ್ಲಿ ದೂರದ ಗೋಪುರ ಕಾಣುತ್ತಿತ್ತು.

"ಬೆಳ್ಳಿಗರಿ ಇವತ್ತು ಎಷ್ಟು ಚೆನ್ನಾಗಿ ಹೊಳೀತಿದೆ, ಅಲ್ವಾ?" ಎಂದರು.

ಕ್ಷೌರಿಕ ಬಗ್ಗಿ ಅವರ ತಲೆಯನ್ನೇ ಪರೀಕ್ಷಿಸಿದ. "ಒಂದಲ್ಲ ಸಾರ್, ನಾಲ್ಕು ಬೆಳ್ಳಗಾಗಿವೆ. ಬಣ್ಣ ಹಾಕ್ಲಾ?"

ಔಷಧಿ ಅಂಗಡಿಯವನು ಬೆಳ್ಳಿಗರಿ ಎಂಬ ಮಾತ್ರೆ ತನ್ನಲ್ಲಿಲ್ಲ, ಆದರೆ ಅದೇ ಗುಣದ ಬೇರೆ ಕಂಪನಿಯದು ಕೊಡಬಲ್ಲೆ ಎಂದ. ಎದುರುಮನೆಯಾಕೆ "ಬೆಳ್ಳಿಗರಿ ಹತ್ರ ಜೋರು ಗಾಳಿ" ಎಂದು ಇವರು ಹೇಳಿದ್ದನ್ನು ಕೇಳಿಸಿಕೊಂಡು ಒಳಗೆ ಹೋಗಿ, ಇವರ ಅತ್ತೆಗೆ ಫೋನು ಮಾಡಿ, "ನಿಮ್ಮ ಅಳಿಯಂದಿರು ಊಟ ಸರಿಯಾಗಿ ಮಾಡ್ತಿದಾರಾ?" ಎಂದು ಕಾಳಜಿಯಿಂದ ವಿಚಾರಿಸಿದಳು.

ಮ್ಯಾನೇಜರು ಒಂದು ರಿಜಿಸ್ಟರು ಕೊಟ್ಟಿದ್ದರು. ದಿನಾಂಕ, ಸ್ಥಳ, 'ಬೆಳ್ಳಿಗರಿ' ಪದ ಕೇಳಿಬಂದ ಸಲ. ಮೊದಲ ವಾರ ಅಳಿಯಂದಿರು ನೂರಾ ಹನ್ನೆರಡು ಎಂದು ಹೆಮ್ಮೆಯಿಂದ ತುಂಬಿದರು. ಮ್ಯಾನೇಜರು ಸಂತೋಷದಿಂದ "ಯಾರ ಬಾಯಿಂದ?" ಎಂದು ಕೇಳಿದರು. ಎಲ್ಲವೂ ಅಳಿಯಂದಿರ ಬಾಯಿಂದಲೇ ಎಂದು ಗೊತ್ತಾದ ಮೇಲೆ 'ಇತರರ ಬಾಯಿಂದ' ಎಂಬ ಹೊಸ ಕಾಲಂ ಎಳೆಯಲಾಯಿತು. ಆ ಕಾಲಂ ಕೊನೆಯವರೆಗೂ ಸ್ವಚ್ಛವಾಗಿಯೇ ಇತ್ತು.

ಉಳಿದದ್ದು ಬಸ್ಸು. ಹದಿನೇಳನೇ ನಂಬರಿನ ಬಸ್ಸು ಗೋಪುರದ ಮುಂದೆ ನಿಲ್ಲಲು ಶುರುವಾಗಿ ಇನ್ನೂ ತಿಂಗಳಾಗಿರಲಿಲ್ಲ, ನಿಲ್ದಾಣಕ್ಕೆ ಫಲಕವೂ ಬಂದಿರಲಿಲ್ಲ.

"ಒಂದು ಬೆಳ್ಳಿಗರಿ ಕೊಡಿ" ಎಂದರು ಅಳಿಯಂದಿರು, ಇಡೀ ಬಸ್ಸಿಗೆ ಕೇಳುವ ಹಾಗೆ.

"ಅದೆಲ್ಲಿ ಬರುತ್ತೆ ಅಳಿಯಂದಿರೇ?" ಎಂದ ಕಂಡಕ್ಟರು.

"ಗೊತ್ತಿಲ್ವಾ? ಊರಿಗೆಲ್ಲ ಗೊತ್ತು! ಬೆಳ್ಳಿಗರಿ!"

"ಈ ರೂಟಲ್ಲಿ ಇಲ್ಲ. ಇಪ್ಪತ್ತೊಂದನೇ ನಂಬರು ನೋಡಿ."

"ರೀ, ನನ್ನ ಆಫೀಸು ಕಣ್ರೀ!"

"ಅಳಿಯಂದಿರ ಆಫೀಸಾ? ಹಾಗನ್ನಿ ಮತ್ತೆ!" ಎಂದು ಅವನು ಟಿಕೆಟ್ ಹರಿದು ಕೊಟ್ಟ.

ಇಲ್ಲಿ ಕಂಡಕ್ಟರುಗಳ ಲೋಕದ ಒಂದು ಪದ್ಧತಿಯನ್ನು ಹೇಳಲೇಬೇಕು. ಫಲಕದಲ್ಲಿ ಏನೇ ಬರೆದಿರಲಿ, ಅವರು ನಿಲ್ದಾಣವನ್ನು ಗುರುತಿಡುವುದು ಅಲ್ಲಿ ದಿನಾ ಇಳಿಯುವ ಯಾರಾದರೊಬ್ಬರಿಂದ. ನಾಲ್ಕನೇ ನಿಲ್ದಾಣ 'ಹಲ್ಲಿನ ಡಾಕ್ಟರು'. ಆ ಡಾಕ್ಟರು ಊರು ಬಿಟ್ಟು ಇಪ್ಪತ್ತು ವರ್ಷವಾಗಿದ್ದರೂ ಜನ ಇಂದಿಗೂ ಅಲ್ಲೇ ಇಳಿದು ಚಪ್ಪಲಿ ಕೊಳ್ಳುತ್ತಾರೆ. ಒಂಬತ್ತನೆಯದು 'ಛತ್ರಿಯಮ್ಮ'. ಹೊಸ ನಿಲ್ದಾಣಕ್ಕೆ ಹೊಸ ಗುರುತು ಬೇಕಾಗಿತ್ತು, ಗುರುತು ತಾನಾಗಿ ಬಂದು ದಿನಾ ಬೆಳಿಗ್ಗೆ ಜಗಳವಾಡುತ್ತಿತ್ತು. ಮೊದಲು ಡ್ರೈವರಿಗೆ "ಅಳಿಯ ಇಳೀತಾರೆ, ನಿಧಾನ" ಎಂದು ಹೇಳುತ್ತಿದ್ದ ಕಂಡಕ್ಟರುಗಳು ಒಂದು ವಾರದಲ್ಲಿ ಬಾಗಿಲಿಗೆ ಜೋತುಬಿದ್ದು, "ಅಳಿಯ! ಅಳಿಯ ಇಳಿಯೋರು ಮುಂದೆ ಬನ್ನಿ!" ಎಂದು ಕೂಗತೊಡಗಿದರು.

ಪ್ರಯಾಣಿಕರು ಕಿಟಕಿಯಿಂದ ಹೊರಗೆ ನೋಡಿದರು. ಅಲ್ಲಿ ಅಂಗಡಿಯಿಲ್ಲ, ಮರವಿಲ್ಲ, ಐವತ್ತೆರಡು ಮಹಡಿಯ ಗೋಪುರವೊಂದೇ. ಓಹೋ, ಇದರ ಹೆಸರು 'ಅಳಿಯ' ಎಂದುಕೊಂಡು ಇಳಿದರು.

ನಮ್ಮ ಅಳಿಯಂದಿರಿಗೆ ಇದು ತಿಳಿಯಲಿಲ್ಲವೇ ಎಂದು ನೀವು ಕೇಳಬಹುದು. ಕೂಗು ಕೇಳಿದ ತಕ್ಷಣ ಅವರು "ಬಂದೆ, ಬಂದೆ" ಎಂದು ಏಳುತ್ತಿದ್ದರು. ಕಂಡಕ್ಟರು ಮಾವನ ಮುಖ ನೋಡಿ ತಮಗೆ ಮರ್ಯಾದೆ ಕೊಡುತ್ತಿದ್ದಾನೆಂದೇ ಅವರ ನಂಬಿಕೆ. ತಮ್ಮ ಹಿಂದೆ ಇನ್ನೂ ಇಪ್ಪತ್ತು ಜನ ಏಳುವುದನ್ನು ಕಂಡು, ಜನರಲ್ಲಿ ಇನ್ನೂ ಸೌಜನ್ಯ ಉಳಿದಿದೆಯಲ್ಲ ಎಂದು ಸಂತೋಷಪಡುತ್ತಿದ್ದರು.

ಕಣ್ಣು ತೆರೆಸಿದವಳು ಗೋಪುರದ ಪಕ್ಕದಲ್ಲಿ ಹಣ್ಣು ಮಾರುವ ಮುದುಕಿ. ಒಂದು ಮಧ್ಯಾಹ್ನ ಅವಳು ಪಕ್ಕದವಳಿಗೆ, "ಅಳಿಯನ ನೆರಳು ಬಂತು ಕಣೆ, ಬುಟ್ಟಿ ಸರಿಸು" ಎಂದಳು. ಅಳಿಯಂದಿರು ತಮ್ಮ ನೆರಳನ್ನು ನೋಡಿಕೊಂಡರು. ಅದು ಬುಟ್ಟಿಯ ಹತ್ತಿರವೂ ಇರಲಿಲ್ಲ.

"ಯಾವ ಅಳಿಯ ಅಜ್ಜಿ?"

"ಇವನೇ!" ಎಂದು ಅವಳು ಐವತ್ತೆರಡು ಮಹಡಿಯನ್ನು ಗದ್ದದಿಂದಲೇ ತೋರಿಸಿದಳು. "ಊರೆಲ್ಲ ಹಾಗೇ ಅನ್ನೋದು. ಸರಿಯಾಗೇ ಇಟ್ಟಿದಾರೆ ಹೆಸರ. ಯಾರೂ ಕರೀಲಿಲ್ಲ, ಬಂದು ನಿಂತ. ನಮ್ಮ ಬಿಸಿಲೆಲ್ಲ ತಿಂದ. ಏಳಪ್ಪಾ ಅನ್ನೋ ಹಾಗಿಲ್ಲ."

ಅಳಿಯಂದಿರಿಗೆ ಯಾಕೋ ಕಿವಿ ಬಿಸಿಯಾಯಿತು.

ಆ ವಾರಾಂತ್ಯದಲ್ಲಿ ಪತ್ರಿಕೆಯ ಅಂಕಣಕಾರರೊಬ್ಬರು ಇದರ ಮೇಲೆ ಅರ್ಧ ಪುಟ ಬರೆದುಬಿಟ್ಟರು. ಗೋಪುರದ ತುದಿ ಸ್ವಲ್ಪ ವಾಲಿಕೊಂಡಿದೆಯಲ್ಲ, ಅದು ಮನೆಯಲ್ಲಿ ಏನಾದರೂ ಕೆಲಸ ಹೇಳಿದಾಗ ಅಳಿಯ ಮುಖ ತಿರುಗಿಸುವ ಭಂಗಿಯಂತೆ. ಮೈತುಂಬ ಥಳಥಳ, ಒಳಗೆ ಅರ್ಧ ಖಾಲಿ. ಇದಕ್ಕಿಂತ ಒಪ್ಪುವ ಹೆಸರನ್ನು ಈ ಊರು ಯಾವುದಕ್ಕೂ ಇಟ್ಟಿಲ್ಲವಂತೆ.

ಮಾವ ಅದನ್ನು ಪೂರ್ತಿ ಓದಿ, ಮಡಚಿ, "ಅಳಿಯಂದಿರು ನೋಡಲಿ" ಎಂದರು.

ಆಫೀಸಿನಲ್ಲಿ ಅದೇ ಪತ್ರಿಕೆ ನಾಲ್ಕು ಚೂರಾಗಿ ಬಿದ್ದಿತ್ತು. ಕಾರಣವಿತ್ತು. ಕಂಪನಿಯನ್ನು ಕಟ್ಟಿದವರು ದೊಡ್ಡ ಯಜಮಾನರು. ಈಗಿನ ಯಜಮಾನರು ಮೂವತ್ತು ವರ್ಷದ ಹಿಂದೆ ಅಲ್ಲಿ ಬೀಗ ತಯಾರಿಸುವ ವಿಭಾಗದ ಸಣ್ಣ ಮೇಸ್ತ್ರಿಯಾಗಿ ಸೇರಿ, ದೊಡ್ಡ ಯಜಮಾನರ ಒಬ್ಬಳೇ ಮಗಳನ್ನು ಮದುವೆಯಾಗಿ, ಮೇಲಿನ ಮಹಡಿಗೆ ಹತ್ತಿದವರು. ಲಿಫ್ಟಿನಲ್ಲಿ ಹತ್ತಿದರು ಎಂದು ಆಗದವರು ಆಡಿಕೊಳ್ಳುತ್ತಿದ್ದರು. ಆ ಕಂಪನಿಯಲ್ಲಿ 'ಅಳಿಯ' ಎಂಬ ಪದವನ್ನು ಯಾರೂ ಉಚ್ಚರಿಸುತ್ತಿರಲಿಲ್ಲ. ರಜೆಯ ಅರ್ಜಿಯಲ್ಲಿ ಕೂಡ 'ಮಗಳ ಗಂಡನಿಗೆ ಜ್ವರ' ಎಂದೇ ಬರೆಯುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಯಜಮಾನರು ಹೆಗಲು ಮುಟ್ಟಿಕೊಂಡದ್ದು ಊರಿನ ಅತಿ ಎತ್ತರದ ಕಿಟಕಿಯಲ್ಲಿ ನಿಂತು.

"ನನ್ನನ್ನ! ನನ್ನ ಬಿಲ್ಡಿಂಗಿನ ಮುಂದೆ ನಿಂತು, ಬಸ್ಸಿನಲ್ಲಿ ಕೂಗಿ ಕೂಗಿ ನನ್ನನ್ನ ಆಡಿಕೊಳ್ತಾರೆ! ಯಾರು ಶುರು ಮಾಡಿದ್ದು ಇದನ್ನ?"

ಮ್ಯಾನೇಜರು ಅಳಿಯಂದಿರನ್ನು ಕರೆಸಿದರು. "ಬೆಳ್ಳಿಗರಿ ಸಾಯ್ಲಿ ಬಿಡಿ. ನೀವು ಊರೆಲ್ಲ ಸುತ್ತಿದವರು. ಈ ಹೆಸರು ಮೊದಲು ಯಾರ ಬಾಯಿಂದ ಬಂತು, ಹದಿನೈದು ದಿನದಲ್ಲಿ ಪತ್ತೆ ಮಾಡಿ. ಮಾಡಿದ್ರೆ ಖಾಯಂ ಆರ್ಡರು. ಇಲ್ಲದಿದ್ರೆ..." ಮುಂದಿನದನ್ನು ಹೇಳದೆ ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಅಳಿಯಂದಿರೇ ಬರೆದ ಫಲಕವಿತ್ತು: 'ಮೆಟ್ಟಿಲು ಬಳಸಿ'.

ಹೀಗೆ ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ಅಳಿಯಂದಿರು ತುಪ್ಪಕ್ಕೆ ಊರೆಲ್ಲ ಅಲೆದರು. ಕ್ಷೌರಿಕನನ್ನು ಕೇಳಿದರೆ, "ಅದಾ ಸಾರ್? ದುಡಿಯೋದಿಲ್ಲ, ನೀಟಾಗಿ ತಲೆ ಬಾಚ್ಕೊಂಡು ನಿಂತಿರುತ್ತೆ, ಅದಕ್ಕೇ" ಎಂದು ಇವರ ತಲೆ ಬಾಚುತ್ತಲೇ ಹೇಳಿದ. ನಿವೃತ್ತ ಪ್ರಾಧ್ಯಾಪಕರೊಬ್ಬರು ಗೋಪುರದ ಹಿಂದಿರುವ ಹಳೆಯ ಕಲ್ಲಿನ ಕೋರ್ಟನ್ನು ಮಾವನೆಂದೂ, ಮಾವನ ಜಾಗದಲ್ಲಿ ಬಂದು ನೆಲೆಸಿದ್ದರಿಂದ ಇದು ಮನೆ ಅಳಿಯನೆಂದೂ ಸಿದ್ಧಮಾಡಿ, ಮೂವತ್ತು ಪುಟದ ಪ್ರಬಂಧ ಕೊಟ್ಟರು. ಔಷಧಿ ಅಂಗಡಿಯವನು, "ಬಂದಾಗ ಎರಡೇ ವಾರ ಅಂತಾನೆ, ಆಮೇಲೆ ಅಲ್ಲಾಡಲ್ಲ. ಬಿಲ್ಡಿಂಗೂ ಹಾಗೇ ಅಲ್ವಾ?" ಎಂದ. ಅಳಿಯಂದಿರು ಪ್ರತಿಯೊಂದನ್ನೂ ರಿಜಿಸ್ಟರಿನಲ್ಲಿ ಬರೆದು, ಕೆಳಗೆ 'ವಿವರಣೆ ಸಮಂಜಸ' ಎಂದು ಸಹಿ ಹಾಕಿದರು. ಊರೇ ಸೇರಿ ತಮ್ಮ ಜಾತಕ ಓದುತ್ತಿರುವಂತೆ ಅವರಿಗೆ ಅನಿಸುತ್ತಿತ್ತು, ಮತ್ತು ಅದು ನಿಜಕ್ಕೂ ನೋವಿನ ಸಂಗತಿಯೇ.

ಹದಿನಾಲ್ಕನೆಯ ದಿನ ಬಸ್ ಡಿಪೋಗೆ ಹೋದರು. ಕಂಡಕ್ಟರುಗಳೆಲ್ಲ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು.

"ನೋಡಿ, ಬಹಳ ಗುಟ್ಟಿನ ವಿಚಾರಣೆ. ಆ ಬಿಲ್ಡಿಂಗಿಗೆ ಅಳಿಯ ಅಂತ ಮೊದಲು ಹೆಸರಿಟ್ಟಿದ್ದು ಯಾರು?"

ಕಂಡಕ್ಟರುಗಳು ಮುಖ ಮುಖ ನೋಡಿಕೊಂಡರು.

"ಬಿಲ್ಡಿಂಗಿಗೆ ಎಲ್ಲಿಟ್ಟಿದೀವಿ? ಸ್ಟಾಪಿಗೆ ಇಟ್ಟಿದ್ದು."

"ಸ್ಟಾಪಿಗೆ ಯಾಕೆ ಆ ಹೆಸರು?"

"ಯಾಕೆ ಅಂದ್ರೆ? ಅಲ್ಲಿ ಅಳಿಯ ಇಳೀತಾರಲ್ಲ!"

"ಯಾವ ಅಳಿಯ?" ಎಂದು ಅಳಿಯಂದಿರು ಪೆನ್ನಿನ ಮುಚ್ಚಳ ತೆಗೆದರು. "ಹೆಸರು, ವಿಳಾಸ ಹೇಳಿ. ಅವನ ಮೇಲೆ ಕ್ರಮ ತಗೋಬೇಕು."

ಕೊನೆಗೆ ಹಿರಿಯ ಕಂಡಕ್ಟರೊಬ್ಬರು ಟೀ ಲೋಟ ಕೆಳಗಿಟ್ಟು ಎದ್ದು ಬಂದು, ಕಾಯಿಲೆಯವರ ಹತ್ತಿರ ಮಾತಾಡುವ ದನಿಯಲ್ಲಿ, "ನೀವೇ ಅಲ್ವಾ ಅಳಿಯಂದಿರೇ" ಎಂದರು.

ಅಳಿಯಂದಿರು ಬೆಂಚಿನ ಮೇಲೆ ಕೂತರು. ಪೆನ್ನಿನ ಮುಚ್ಚಳ ಹಾಕಿದರು.

ಆಮೇಲೆ ನಡೆದದ್ದು ಅವರ ಜೀವನದಲ್ಲೇ ದೊಡ್ಡ ಧೈರ್ಯದ ಕೆಲಸ. ಐವತ್ತೆರಡನೇ ಮಹಡಿಗೆ ಹೋಗಿ, ಯಜಮಾನರ ಮುಂದೆ ನಿಂತು, ಎಲ್ಲವನ್ನೂ ಹೇಳಿಬಿಟ್ಟರು. ಅಳಿಯ ಎಂದರೆ ತಾವಲ್ಲ, ನಾನು. ಊರಿನವರು ಆಡಿಕೊಳ್ಳುತ್ತಿಲ್ಲ, ಕಂಡಕ್ಟರುಗಳ ವಾಡಿಕೆ. ತಪ್ಪಾಯಿತು.

ಯಜಮಾನರು ಮೊದಲು ನಿಟ್ಟುಸಿರು ಬಿಟ್ಟರು. ಮುಖ ಅರಳಿತು. "ನನ್ನನ್ನಲ್ಲವಾ? ನಿಜವಾಗ್ಲೂ?" ಎಂದು ಎರಡು ಸಲ ಕೇಳಿದರು. ಕಿಟಕಿಯ ಹತ್ತಿರ ಹೋಗಿ ಊರನ್ನು ವಿಶ್ವಾಸದಿಂದ ನೋಡಿದರು. ನೋಡುತ್ತ ನೋಡುತ್ತ ಅವರ ಹುಬ್ಬು ಗಂಟಾಯಿತು.

"ಒಂದು ನಿಮಿಷ. ಐವತ್ತೆರಡು ಮಹಡಿ ಕಟ್ಟಿಸಿದವನು ನಾನು."

"ಹೌದು ಸಾರ್."

"ಹೆಸರು ನಿಮ್ಮದು."

"ಅದು... ಹೌದು ಸಾರ್."

"ಫಲಕ ಬರೆಯೋ ಗುಮಾಸ್ತನ ಹೆಸರು! ಅದೂ ಟೆಂಪರರಿ!" ಯಜಮಾನರು ಮೇಜು ಗುದ್ದಿದರು. ತಮ್ಮನ್ನು ಆಡಿಕೊಂಡರೆಂದು ಎರಡು ವಾರ ನಿದ್ದೆಗೆಟ್ಟವರು, ಆಡಿಕೊಂಡದ್ದು ತಮ್ಮನ್ನಲ್ಲವೆಂದು ತಿಳಿದು ಅದಕ್ಕಿಂತ ಹೆಚ್ಚು ನೊಂದರು. "ಅದು ನಾನೇ ಕಣ್ರೀ. ಪತ್ರಿಕೆಯಲ್ಲಿ ಬಂದಿದೆ. ಪ್ರಾಧ್ಯಾಪಕರು ಸಿದ್ಧ ಮಾಡಿದಾರೆ. ಊರು ಪ್ರೀತಿಯಿಂದ ನನಗಿಟ್ಟ ಹೆಸರು. ತಿಳೀತಾ?"

ಅಳಿಯಂದಿರಿಗೆ ಅರ್ಧ ತಿಳಿಯಿತು. ಉಳಿದರ್ಧವನ್ನು ಮ್ಯಾನೇಜರು ಹೊರಗೆ ಕರೆದುಕೊಂಡು ಹೋಗಿ ತಿಳಿಸಿದರು. ಮುಂದಿನ ವಾರ ಸಮಾರಂಭ. ಬಾಗಿಲ ಮೇಲೆ 'ಅಳಿಯ' ಎಂಬ ಹಿತ್ತಾಳೆ ಅಕ್ಷರ. ಹೆಸರಿನ ಕಥೆಯನ್ನು ಯಜಮಾನರೇ ಭಾಷಣದಲ್ಲಿ ಹೇಳುತ್ತಾರೆ. ಅದು ಮುಗಿಯುವ ತನಕ ಬಾಯಿಗೆ ಬೀಗ. ಮುಗಿದ ಮೇಲೆ ವೇದಿಕೆಯ ಪಕ್ಕದಲ್ಲೇ ಖಾಯಂ ಆರ್ಡರು ಕೈಗೆ.

ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದುಕೊಂಡು ಅಳಿಯಂದಿರು ಮನೆಗೆ ಬಂದರೆ, ಮಾವ ಹಳೆಯ ಯೂನಿಫಾರಂ ಇಸ್ತ್ರಿ ಮಾಡುತ್ತಿದ್ದರು.

"ಡಿಪೋದವರು ಎಲ್ಲಾ ಹೇಳಿದ್ರು" ಎಂದರು ಮಾವ, ಈ ಸಲ ಗೋಡೆಗಲ್ಲ, ನೇರವಾಗಿ ಇವರಿಗೆ. "ಮೂವತ್ನಾಲ್ಕು ವರ್ಷ ಆ ರೂಟಲ್ಲಿ ನಿಂತೆ. ನನ್ನ ಹೆಸರಲ್ಲಿ ಒಂದು ಸ್ಟಾಪು ಬರಲಿಲ್ಲ. ನಿಮಗೆ ಬಿಲ್ಡಿಂಗೇ ಬಂತು. ಸಮಾರಂಭ ಅಂತೆ? ಆಗಲೇ ಡಿಪೋಗೂ ಆಹ್ವಾನ ಬಂದಿದೆ. ನಮ್ಮ ಹಳೇ ಕಂಡಕ್ಟರುಗಳು ಹನ್ನೊಂದು ಜನ ಬರ್ತಾರೆ."

"ಮಾವ, ಅದು ಏನಂದ್ರೆ..."

"ಸಂಕೋಚ ಬೇಡ. ಮುಂದಿನ ಸಾಲಲ್ಲೇ ಕೂರ್ತೀವಿ."

ಅಳಿಯಂದಿರು ಹೇಳಬೇಕೆಂದು ಬಾಯಿ ತೆರೆದರು. ಆರು ವರ್ಷದಲ್ಲಿ ಮೊದಲ ಸಲ ತಮ್ಮತ್ತ ನೋಡಿ ನಕ್ಕ ಆ ಮುಖ ನೋಡಿ, ತೆರೆದ ಬಾಯಿಯಿಂದ "ಟೀ ಕುಡೀತೀರಾ?" ಎಂದು ಕೇಳಿದರು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಹಣೆ ಚಚ್ಚಿಕೊಂಡಳು.

ಸಮಾರಂಭಕ್ಕೆ ಮುನ್ನೂರು ಕುರ್ಚಿ. ವೇದಿಕೆಯ ಮೇಲೆ ಯಜಮಾನರು, ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ದೊಡ್ಡ ಯಜಮಾನರು. ವಯಸ್ಸು ತೊಂಬತ್ತು ದಾಟಿತ್ತು, ಕಿವಿ ಮಂದ. ಅಳಿಯನೊಂದಿಗೆ ಅವರು ಮನಸ್ಸು ಬಿಚ್ಚಿ ಮಾತಾಡಿದ್ದನ್ನು ಕಂಡವರಿಲ್ಲ. ಮುಂದಿನ ಸಾಲಿನಲ್ಲಿ ಮಾವ, ಅವರ ಎಡಬಲಕ್ಕೆ ಯೂನಿಫಾರಂ ತೊಟ್ಟ ಹನ್ನೊಂದು ಜನ, ಅವರ ನಡುವೆ ಅಳಿಯಂದಿರು, ಹೆಂಡತಿ. ಮ್ಯಾನೇಜರ ಜೇಬಿನಿಂದ ಆರ್ಡರಿನ ಬಿಳಿ ಲಕೋಟೆ ಒಂದಿಷ್ಟೇ ಇಣುಕುತ್ತಿತ್ತು. ಅಳಿಯಂದಿರ ಕಣ್ಣು ಅಲ್ಲಿಂದ ಕದಲಲಿಲ್ಲ.

ಯಜಮಾನರು ಭಾಷಣ ಶುರುಮಾಡಿದರು. "ಈ ಕಟ್ಟಡಕ್ಕೆ ನಾವು ಹೆಸರಿಡಲಿಲ್ಲ, ನೀವು ಇಟ್ಟಿರಿ. ಅಳಿಯ! ಯಾರು ಆ ಅಳಿಯ? ನಿಮ್ಮ ಮುಂದೆ ನಿಂತಿರೋ ನಾನೇ!"

ಚಪ್ಪಾಳೆ ಬಿತ್ತು. ಮಾವ ಚಪ್ಪಾಳೆ ತಟ್ಟಲಿಲ್ಲ.

"ಏನಂದ್ರು ಅವರು?" ಎಂದು ಅಳಿಯಂದಿರನ್ನು ಕೇಳಿದರು.

"ಮಾವ, ಕೂತ್ಕೊಳ್ಳಿ, ಆಮೇಲೆ ಹೇಳ್ತೀನಿ."

ಅಳಿಯಂದಿರು ಅಂಗಿ ಹಿಡಿದು ಎಳೆದರು. ಮಾವ ಆಗಲೇ ಎದ್ದು ನಿಂತಿದ್ದರು. ತುಂಬಿದ ಬಸ್ಸಿನ ಕೊನೆಯ ಸೀಟಿಗೆ ಮೂವತ್ನಾಲ್ಕು ವರ್ಷ ಕೇಳಿಸಿದ ಗಂಟಲು ಅದು, ಅದಕ್ಕೆ ಮೈಕು ಬೇಕಿರಲಿಲ್ಲ.

"ಸ್ವಾಮೀ! ಅದು ನೀವಲ್ಲ! ಅದು ಇವರು! ನನ್ನ ಅಳಿಯ!"

ಹನ್ನೊಂದು ಕಂಡಕ್ಟರುಗಳೂ ಎದ್ದು ನಿಂತು, "ಹೌದು! ನಾವೇ ಇಟ್ಟಿದ್ದು!" ಎಂದರು. ಅವರಲ್ಲೊಬ್ಬರು ಹುರುಪಿನಲ್ಲಿ ಸೀಟಿಯನ್ನೂ ಊದಿದರು. ಮುನ್ನೂರು ತಲೆ ತಿರುಗಿದವು. ಮ್ಯಾನೇಜರು ಲಕೋಟೆಯನ್ನು ಜೇಬಿನ ತಳಕ್ಕೆ ಒತ್ತಿದರು.

"ಏನ್ರೀ ಇದು?" ಎಂದು ಯಜಮಾನರು ಮೈಕಿನಲ್ಲೇ ಕೇಳಿದರು. "ಈ ಹಿರಿಯರು ಹೇಳ್ತಿರೋದು ನಿಜವಾ? ನೀವೇ ಹೇಳಿ, ನಿಜವಾ?"

ಅತ್ತ ದರಿ, ಇತ್ತ ಪುಲಿ. ಅಲ್ಲ ಎಂದರೆ ಆರ್ಡರು, ಎರಡು ರೂಮು, ಹೆಂಡತಿಯ ಕೈಯಲ್ಲಿ ಬೀಗದ ಕೈ. ಆದರೆ ಅಲ್ಲ ಎಂದರೆ ಹನ್ನೊಂದು ಜನ ಸ್ನೇಹಿತರ ಮುಂದೆ, ಇಸ್ತ್ರಿ ಮಾಡಿದ ಯೂನಿಫಾರಂ ತೊಟ್ಟು ನಿಂತ ಆ ಹಿರಿಯರು ಸುಳ್ಳುಗಾರರಾಗುತ್ತಾರೆ. ಅಳಿಯಂದಿರು ಹೆಂಡತಿಯ ಕಡೆ ನೋಡಿದರು. ಅವಳು ಅಪ್ಪನ ಕಡೆ ನೋಡುತ್ತಿದ್ದಳು.

"ನಿಜ ಸಾರ್" ಎಂದರು ಅಳಿಯಂದಿರು ಎದ್ದು ನಿಂತು. "ಮಾವ ಸುಳ್ಳು ಹೇಳೋರಲ್ಲ."

ಆಗ ವೇದಿಕೆಯ ಮೇಲಿಂದ ಕಿರ್ ಕಿರ್ ಎಂದು ಸದ್ದು ಬಂತು. ಗಾಲಿಕುರ್ಚಿ ಇರಬೇಕೆಂದು ಎಲ್ಲರೂ ತಿಳಿದರು. ಅದು ದೊಡ್ಡ ಯಜಮಾನರ ನಗು. ಬಹಳ ವರ್ಷ ಬಳಸದೆ ಇದ್ದುದರಿಂದ ಹಾಗೆ ಕೇಳುತ್ತಿತ್ತು.

"ಏನು ಜಗಳ? ಅಳಿಯ ಯಾರು ಅಂತಲಾ?" ಎಂದು ಅವರು ಮೈಕನ್ನು ಕಿತ್ತುಕೊಂಡರು. "ಈ ಕಂಪನಿ ಹುಟ್ಟಿದ್ದು ಒಂದು ಬೀಗದ ಅಂಗಡಿಯಿಂದ. ಆ ಅಂಗಡಿ ಯಾರದು ಗೊತ್ತಾ? ನನ್ನ ಮಾವಂದು. ಎರಡು ವಾರ ಇದ್ದು ಹೋಗ್ತೀನಿ ಅಂತ ಹೋದವನು ನಾನು, ಅವರ ಮನೇಲೇ ಉಳಿದುಬಿಟ್ಟೆ!"

ಕಂಪನಿಯ ಚರಿತ್ರೆಯ ಪುಸ್ತಕದಲ್ಲಿ ದೊಡ್ಡ ಯಜಮಾನರು ಬರಿಗೈಯಲ್ಲಿ ಬಂದು ಸ್ವಂತ ಬೆವರಿನಿಂದ ಮೇಲೆ ಬಂದರೆಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಮ್ಯಾನೇಜರು ಅದರ ಪ್ರತಿಗಳನ್ನು ಮೆಲ್ಲನೆ ಮೇಜಿನ ಕೆಳಗೆ ತಳ್ಳಿದರು.

ಯಜಮಾನರು ಬಾಯಿ ತೆರೆದು ತಮ್ಮ ಮಾವನನ್ನೇ ನೋಡುತ್ತಿದ್ದರು. "ಮಾವ, ನೀವೂನಾ? ಮೂವತ್ತು ವರ್ಷ ಒಂದು ಮಾತು ಹೇಳಲಿಲ್ಲವಲ್ಲ!"

"ನೀನೂ ಕೇಳಲಿಲ್ಲವಲ್ಲಪ್ಪ!" ಎಂದರು ದೊಡ್ಡ ಯಜಮಾನರು. "ಇರಲಿ ಬಿಡು. ಅವನೂ ಅಳಿಯ, ನೀನೂ ಅಳಿಯ, ನಾನೂ ಅಳಿಯ. ಹೆಸರು ಎಲ್ಲರಿಗೂ ಸಾಲುತ್ತೆ, ಬಿಲ್ಡಿಂಗು ದೊಡ್ಡದಿದೆ. ಆ ಲಕೋಟೆ ಯಾಕಯ್ಯ ಬಚ್ಚಿಡ್ತೀಯ ಮ್ಯಾನೇಜರೇ? ಯಾರದೋ ಅವರಿಗೆ ಕೊಡು."

ಯಜಮಾನರು ಅಳುತ್ತಿದ್ದರೋ ನಗುತ್ತಿದ್ದರೋ ಮುಂದಿನ ಸಾಲಿನವರಿಗೂ ಸರಿಯಾಗಿ ಕಾಣಲಿಲ್ಲ. ಲಕೋಟೆ ಅಳಿಯಂದಿರ ಕೈ ಸೇರಿತು. ಕಂಡಕ್ಟರುಗಳ ಚಪ್ಪಾಳೆ ಎಲ್ಲಕ್ಕಿಂತ ಜೋರಾಗಿತ್ತು.

ಮನೆಗೆ ಹೋಗುವಾಗ ಬಸ್ಸಿನಲ್ಲಿ ಮಾವ ಕಿಟಕಿಯ ಪಕ್ಕ ಕೂತಿದ್ದರು. ಎರಡು ನಿಲ್ದಾಣ ದಾಟಿದ ಮೇಲೆ ಹೊರಗೆ ನೋಡುತ್ತಲೇ ಕೇಳಿದರು.

"ಖಾಯಂ ಆಯ್ತಲ್ಲ. ಬೇರೆ ಮನೆ ಮಾಡ್ತೀರಂತೆ?"

"ಹೌದು ಮಾವ."

"ಮಾಡಬೇಕಾದ್ದೇ." ಇನ್ನೊಂದು ನಿಲ್ದಾಣ ಹೋಯಿತು. "ದೂರನಾ?"

ಅಳಿಯಂದಿರು ಹೆಂಡತಿಯ ಮುಖ ನೋಡಿದರು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು, ಇಲ್ಲ ಎಂದು ತಲೆಯಾಡಿಸಿದಳು. ಆ ಕ್ಷಣದಲ್ಲೇ ಅದು ತೀರ್ಮಾನವಾದದ್ದು.

ತಿಂಗಳು ತುಂಬುವ ಮೊದಲೇ ಅವರು ಮನೆ ಮಾಡಿದರು. ಎರಡು ರೂಮು, ಒಂದು ಬೀಗ, ಬೀಗದ ಕೈ ಹೆಂಡತಿಯ ಸೊಂಟದಲ್ಲಿ. ಮಾವನ ಮನೆಯಿಂದ ಬೀದಿ ದಾಟಿದರೆ ಅಲ್ಲಿಗೆ ಹನ್ನೆರಡು ಹೆಜ್ಜೆ. ಅಡ್ಡರಸ್ತೆಯ ಮೂಲೆಯಲ್ಲಿದ್ದುದರಿಂದ, ಬೀದಿಗೆ ಬಂದವರಿಗೆ ಮೊದಲು ಕಾಣುತ್ತಿದ್ದದ್ದು ಆ ಮನೆಯೇ.

ಒಂದು ದಿನ ಅಳಿಯಂದಿರು ಬಾಗಿಲಲ್ಲಿ ನಿಂತಿದ್ದಾಗ ಎದುರುಗಡೆ ಮಾವ ಫೋನಿನಲ್ಲಿ ಗ್ಯಾಸ್ ಸಿಲಿಂಡರಿನವನಿಗೆ ವಿಳಾಸ ಹೇಳುತ್ತಿದ್ದರು. ನಲವತ್ತು ವರ್ಷದಿಂದ ಸ್ವಂತ ಮನೆಯಲ್ಲಿ ಇರುವವರು. ಇಡೀ ಬೀದಿಗೆ ಕೇಳುವಂತೆ, ಆ ಬಸ್ಸಿನ ಗಂಟಲಿನಲ್ಲಿ ಕೂಗುತ್ತಿದ್ದರು:

"ಯಾರನ್ನ ಬೇಕಾದ್ರೂ ಕೇಳಪ್ಪಾ, ತೋರಿಸ್ತಾರೆ! ನನ್ನ ಅಳಿಯನ ಮನೆ ಎದುರು!"